ಸ್ವಾಪ್ ತೆಗೆದರೂ ಲ್ಯಾಪ್‌ಟಾಪ್ ಒದ್ದಾಡುವುದೇಕೆ? ಕರ್ನೆಲ್ ಮೆಮೊರಿ ಕಲಿಯಲು ಹೊರಟ ವಿದ್ಯಾರ್ಥಿಗೆ ಉತ್ತರ

ಪ್ರಶ್ನೆ: ನಾನು ಕಂಪ್ಯೂಟರ್ ಸೈನ್ಸ್ ಕೊನೇ ವರ್ಷದ ವಿದ್ಯಾರ್ಥಿ. ನನ್ನದು 4 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್ ಇರುವ ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಹಾಕಿಕೊಂಡಿದ್ದೇನೆ. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಮೌಸ್ ಕೂಡ ಅಲ್ಲಾಡುವುದಿಲ್ಲ. ಸ್ವಾಪ್‌ನಿಂದಲೇ ನಿಧಾನ ಎಂದು ಸ್ನೇಹಿತ ಹೇಳಿದ್ದಕ್ಕೆ ಅದನ್ನು ತೆಗೆದೇ ಬಿಟ್ಟೆ, ಇನ್ನೂ ಹದಗೆಟ್ಟಿತು. ಪ್ರಾಜೆಕ್ಟ್‌ಗೆ ‘ಪೇಜ್ ಕ್ಯಾಶ್ ಕಂಪ್ರೆಸ್ ಮಾಡಿ ಮೆಮೊರಿ ಉಳಿಸುವುದು’ ಎಂಬ ವಿಷಯ ತೆಗೆದುಕೊಂಡಿದ್ದೇನೆ. ಕರ್ನೆಲ್ ಸೋರ್ಸ್ ತೆರೆದರೆ ತಲೆಬುಡ ತಿಳಿಯುತ್ತಿಲ್ಲ. ಕಂಪ್ರೆಸ್ ಮಾಡಿದ್ದನ್ನೂ ರ‍್ಯಾಮ್‌ನಲ್ಲೇ ಇಟ್ಟರೆ ಲಾಭ ಎಲ್ಲಿಂದ ಬರುತ್ತದೆ? ಝಡ್‌ರ‍್ಯಾಮ್, ಝಡ್‌ಸ್ವಾಪ್ ಎರಡೂ ಒಂದೆಯೇ? ಎಲ್ಲಿಂದ ಶುರು ಮಾಡಲಿ ಸರ್?

ಉತ್ತರ: ನಿಮ್ಮ ಪ್ರಶ್ನೆಗಳಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ನೀವು ಪ್ರಶ್ನೆ ಎಂದೇ ಎಣಿಸದ ಒಂದು ಮಾತು: ‘ಸ್ವಾಪ್ ತೆಗೆದೆ, ಇನ್ನೂ ಹದಗೆಟ್ಟಿತು.’ ಅದು ಏಕೆ ಹಾಗಾಯಿತು ಎಂದು ತಿಳಿದುಕೊಂಡರೆ ಉಳಿದದ್ದಕ್ಕೆಲ್ಲ ದಾರಿ ಸಿಗುತ್ತದೆ. ನಿಮ್ಮ ಪ್ರಾಜೆಕ್ಟಿನ ಹೆಸರನ್ನೂ ಬದಲಿಸಬೇಕಾದೀತು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳು, ರ‍್ಯಾಮನ್ನು ಪೇಜುಗಳಾಗಿ ಕತ್ತರಿಸಿಕೊಂಡು ನೋಡುತ್ತದೆ. ನಿಮ್ಮ ಯಂತ್ರದಲ್ಲಿ ಒಂದು ಪೇಜ್ ಎಂದರೆ 4,096 ಬೈಟ್. 4 ಜಿಬಿಯಲ್ಲಿ ಇಂಥವು 10,48,576. ಪ್ರತಿ ಪೇಜಿಗೂ ‘ಸ್ಟ್ರಕ್ಟ್ ಪೇಜ್’ ಎಂಬ 64 ಬೈಟಿನ ದಾಖಲೆ ಇರುತ್ತದೆ, ಅಂದರೆ ಬರೀ ಲೆಕ್ಕದ ಪುಸ್ತಕಕ್ಕೇ 64 ಎಂಬಿ ಹೋಯಿತು. ಕರ್ನೆಲ್ ಬರೆಯುವವರು ಆ ದಾಖಲೆಗೆ ಇನ್ನೊಂದು ಬೈಟ್ ಸೇರಿಸಲು ಏಕೆ ಅಷ್ಟು ಜಗಳವಾಡುತ್ತಾರೆ ಎಂಬುದು ಈ ಗುಣಾಕಾರದಲ್ಲೇ ಇದೆ.

ಪೇಜುಗಳಲ್ಲಿ ಎರಡು ಜಾತಿ. ಮೊದಲನೆಯದು ಫೈಲ್ ಪೇಜ್: ಡಿಸ್ಕ್‌ನಲ್ಲಿರುವ ಯಾವುದೋ ಫೈಲಿನ ಒಂದು ತುಂಡು. ಇವೆಲ್ಲ ಸೇರಿದ್ದೇ ಪೇಜ್ ಕ್ಯಾಶ್. ಎರಡನೆಯದು ಅನಾನಿಮಸ್ ಪೇಜ್: ಪ್ರೋಗ್ರಾಂ ಮ್ಯಾಲಾಕ್ ಮಾಡಿ, ಅಂದರೆ ಓಡುವಾಗ ಮೆಮೊರಿ ಕೇಳಿ ಪಡೆದು, ತುಂಬಿಕೊಂಡದ್ದು, ಸ್ಟ್ಯಾಕ್, ಬ್ರೌಸರಿನ ಜಾವಾಸ್ಕ್ರಿಪ್ಟ್ ವಸ್ತುಗಳು ಇತ್ಯಾದಿ. ಫೈಲ್ ಪೇಜಿಗೆ ಡಿಸ್ಕ್‌ನಲ್ಲಿ ಸ್ವಂತ ಊರಿದೆ. ಬದಲಾವಣೆ ಆಗಿರದಿದ್ದರೆ ಅದನ್ನು ಹಾಗೇ ಎಸೆಯಬಹುದು, ಬೇಕಾದಾಗ ಊರಿನಿಂದ ಮತ್ತೆ ಕರೆಸಿಕೊಳ್ಳಬಹುದು. ಅನಾನಿಮಸ್ ಪೇಜಿಗೆ ಊರೇ ಇಲ್ಲ. ಸ್ವಾಪ್ ಎಂದರೆ ಅದಕ್ಕೆ ಡಿಸ್ಕ್‌ನಲ್ಲಿ ಕೊಟ್ಟ ಬಾಡಿಗೆ ಮನೆ.

ಈಗ ನೀವು ಬಾಡಿಗೆ ಮನೆಯನ್ನು ಕೆಡವಿದಿರಿ. ಏನಾಯಿತು? ಹತ್ತು ಟ್ಯಾಬಿನ ಅನಾನಿಮಸ್ ಪೇಜುಗಳು ಮೂರೂವರೆ ಜಿಬಿ ಹಿಡಿದು ಕೂತವು. ಅವುಗಳಲ್ಲಿ ಬೆಳಿಗ್ಗೆ ಒಮ್ಮೆ ನೋಡಿ ಮರೆತ ಟ್ಯಾಬಿನವೂ ಇವೆ, ಆದರೆ ಕಳಿಸಲು ಜಾಗವಿಲ್ಲ. ಜಾಗ ಬೇಕಾದಾಗ ಕರ್ನೆಲ್ ಕೈ ಹಾಕಬಹುದಾದದ್ದು ಫೈಲ್ ಪೇಜುಗಳಿಗೆ ಮಾತ್ರ. ಮತ್ತು ಇದನ್ನೇ ಹೆಚ್ಚಿನವರು ಮರೆಯುವುದು: ಓಡುತ್ತಿರುವ ಪ್ರೋಗ್ರಾಮಿನ ಕೋಡ್ ಕೂಡ ಫೈಲ್ ಪೇಜೇ. ಬ್ರೌಸರಿನ ಸೂಚನೆಗಳು, ಸಿ ಲೈಬ್ರರಿ, ಮೌಸ್ ಬಾಣವನ್ನು ಚಿತ್ರಿಸುವ ಕೋಡು, ಎಲ್ಲ. ಕರ್ನೆಲ್ ಈಗಷ್ಟೇ ಬಳಸಿದ ಕೋಡನ್ನು ಎಸೆಯುತ್ತದೆ, ಮರುಕ್ಷಣ ಅದೇ ಬೇಕಾಗುತ್ತದೆ, ಡಿಸ್ಕಿಗೆ ಓಡುತ್ತದೆ. ನಿಮಿಷಕ್ಕೆ 5,400 ಸುತ್ತು ತಿರುಗುವ ಲ್ಯಾಪ್‌ಟಾಪ್ ಡಿಸ್ಕಿಗೆ ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಸರಾಸರಿ ಅರ್ಧ ಸುತ್ತು ಕಾಯಬೇಕು, ಹೆಡ್ ಸರಿಯುವ ಹೊತ್ತು ಬೇರೆ. ಹಾಗಾಗಿ ಅಲ್ಲೊಂದು ಇಲ್ಲೊಂದು ಓದುವುದಾದರೆ ಸೆಕೆಂಡಿಗೆ ನೂರು ಓದು ಸಿಕ್ಕರೆ ದೊಡ್ಡದು. ಡಿಸ್ಕಿನ ದೀಪ ಮಿನುಗುವುದನ್ನೂ ಬಿಟ್ಟು ಒಂದೇ ಸಮ ಉರಿಯುತ್ತಿತ್ತಲ್ಲ, ಅದು ಇದೇ. ಮೆಮೊರಿ ಪೂರ್ತಿ ಮುಗಿದಾಗ ಪ್ರೋಗ್ರಾಂ ಕೊಂದು ಜಾಗ ಮಾಡುವ ಓಓಎಂ ಕಿಲ್ಲರ್ ಏಕೆ ಬಂದು ಏನನ್ನಾದರೂ ಕೊಲ್ಲಲಿಲ್ಲ ಎಂದರೆ, ಕರ್ನೆಲ್ ದೃಷ್ಟಿಯಲ್ಲಿ ಕೆಲಸ ಸಾಗುತ್ತಿದೆ: ಕೇಳಿದಾಗಲೆಲ್ಲ ಎಸೆಯಲು ಪೇಜ್ ಸಿಗುತ್ತಿದೆಯಲ್ಲ!

ಸ್ನೇಹಿತ ಹೇಳಿದ್ದು ಅರ್ಧ ಸತ್ಯ. ಸ್ವಾಪ್ ನಿಧಾನ ಹೌದು. ಆದರೆ ಅದನ್ನು ತೆಗೆದರೆ ಡಿಸ್ಕಿಗೆ ಓಡಾಟ ನಿಲ್ಲುವುದಿಲ್ಲ, ಓಡಾಡುವ ಪೇಜುಗಳು ಬದಲಾಗುತ್ತವೆ ಅಷ್ಟೆ. ಅದೂ ಕೆಟ್ಟದ್ದಕ್ಕೆ ಬದಲಾಗುತ್ತವೆ.

ಇನ್ನು ಕಂಪ್ರೆಸ್ ಮಾಡಿದ್ದನ್ನೂ ರ‍್ಯಾಮ್‌ನಲ್ಲೇ ಇಟ್ಟರೆ ಲಾಭ ಹೇಗೆ ಎಂಬ ಪ್ರಶ್ನೆ. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಎದ್ದು ಹಾಸಿಗೆ ಸುತ್ತಿಡುವುದಿಲ್ಲವೇ? ಹಾಸಿಗೆ ಮನೆ ಬಿಟ್ಟು ಎಲ್ಲೂ ಹೋಗಲಿಲ್ಲ, ಆದರೆ ನಡುಮನೆಯಲ್ಲಿ ಓಡಾಡಲು ಜಾಗವಾಯಿತು. 1 ಜಿಬಿಯಷ್ಟು ತಣ್ಣಗಿನ, ಅಂದರೆ ಬಹಳ ಹೊತ್ತಿನಿಂದ ಯಾರೂ ಮುಟ್ಟದ, ಪೇಜುಗಳು ಮೂರರಲ್ಲೊಂದು ಭಾಗಕ್ಕೆ ಇಳಿದರೆ ಸುಮಾರು 341 ಎಂಬಿ ಹಿಡಿಯುತ್ತವೆ, 683 ಎಂಬಿ ಖಾಲಿಯಾಗುತ್ತದೆ. ಸುತ್ತಿದ ಹಾಸಿಗೆಯ ಮೇಲೆ ಮಲಗಲು ಬರುವುದಿಲ್ಲ ಎಂಬುದೂ ನಿಜ: ಕಂಪ್ರೆಸ್ ಆದ ಪೇಜನ್ನು ಸಿಪಿಯು ನೇರವಾಗಿ ಓದಲಾರದು, ಮುಟ್ಟಿದ ಕೂಡಲೇ ಪೇಜ್ ಫಾಲ್ಟ್ (‘ಈ ಪೇಜ್ ಇಲ್ಲಿಲ್ಲ’ ಎಂದು ಸಿಪಿಯು ಕರ್ನೆಲನ್ನು ಕರೆಯುವುದು) ಆಗಿ, ಹೊಸದೊಂದು ಪೇಜ್ ಪಡೆದು, ಅದರೊಳಗೆ ಬಿಚ್ಚಬೇಕು. ಆದರೆ ಆ ಬಿಚ್ಚುವ ಕೆಲಸಕ್ಕೆ ಕೆಲವು ಮೈಕ್ರೊಸೆಕೆಂಡ್ ಸಾಕು. ಡಿಸ್ಕಿನ ಹತ್ತು ಮಿಲಿಸೆಕೆಂಡಿನ ಪಕ್ಕದಲ್ಲಿ ಅದು ಲೆಕ್ಕಕ್ಕೇ ಇಲ್ಲ.

ಮೆಮೊರಿಯಲ್ಲಿರುವ ದತ್ತಾಂಶ ಅಷ್ಟು ಚೆನ್ನಾಗಿ ಕುಗ್ಗುವುದೇಕೆ ಎಂಬುದು ನನಗೆ ಬಹಳ ಇಷ್ಟವಾದ ಭಾಗ. ಅದು ಪುಸ್ತಕದ ಪಠ್ಯದಂತಲ್ಲ. ಅದರಲ್ಲಿ ತುಂಬಿರುವುದು ಸೊನ್ನೆಗಳು, ಸಣ್ಣ ಪೂರ್ಣಾಂಕಗಳು, ಪಾಯಿಂಟರ್‌ಗಳು. ಒಂದೇ ಪೇಜಿನಲ್ಲಿರುವ ಪಾಯಿಂಟರ್‌ಗಳು ಸಾಮಾನ್ಯವಾಗಿ ಒಂದೇ ಓಣಿಯ ವಿಳಾಸಗಳು: ಮುಂದಿನ ಅಂಕಿಗಳೆಲ್ಲ ಒಂದೇ, ಮನೆ ನಂಬರ್ ಮಾತ್ರ ಬೇರೆ. ಸಂಶೋಧಕರಾದ ಪಾಲ್ ವಿಲ್ಸನ್ ಮತ್ತು ಸ್ಕಾಟ್ ಕಪ್ಲನ್ ಇದನ್ನೇ ಹಿಡಿದು ಡಬ್ಲ್ಯುಕೆಡಿಎಂ ಎಂಬ ವಿಧಾನ ಮಾಡಿದರು. 32 ಬಿಟ್‌ನ ಒಂದೊಂದು ಪದವನ್ನೂ ತೆಗೆದುಕೊಂಡು, ಇತ್ತೀಚೆಗೆ ಕಂಡ 16 ಪದಗಳ ಪುಟ್ಟ ಪಟ್ಟಿಯ ಜೊತೆ ಹೋಲಿಸುವುದು. ಮೇಲಿನ 22 ಬಿಟ್ ಹೊಂದಿದರೆ ಕೆಳಗಿನ 10 ಬಿಟ್ ಮಾತ್ರ ಬರೆದುಕೊಳ್ಳುವುದು. ಅಷ್ಟೇ ಉಪಾಯ! 2013ರಲ್ಲಿ ಆಪಲ್ ತನ್ನ ಮ್ಯಾವೆರಿಕ್ಸ್ ಆಪರೇಟಿಂಗ್ ಸಿಸ್ಟಂನಲ್ಲಿ ಮೆಮೊರಿ ಕಂಪ್ರೆಷನ್ ತಂದಾಗ ಬಳಸಿದ್ದು ಇದನ್ನೇ. ಈ ಆಲೋಚನೆ ಅದಕ್ಕಿಂತ ಬಹಳ ಹಳೆಯದು. 1993ರಲ್ಲೇ ಫ್ರೆಡ್ ಡಗ್ಲಿಸ್ ಸ್ಪ್ರೈಟ್ ಎಂಬ ಆಪರೇಟಿಂಗ್ ಸಿಸ್ಟಂನಲ್ಲಿ ಕಂಪ್ರೆಷನ್ ಕ್ಯಾಶ್ ಮಾಡಿ ತೋರಿಸಿದ್ದರು. 1995ರಲ್ಲಿ ಸಾಫ್ಟ್‌ರ‍್ಯಾಮ್ ಎಂಬ ಸರಕು ‘ನಿಮ್ಮ ರ‍್ಯಾಮ್ ಇಮ್ಮಡಿ’ ಎಂದು ಹೇಳಿಕೊಂಡು ವಿಂಡೋಸ್ ಬಳಕೆದಾರರಿಗೆ ಮಾರಾಟವಾಯಿತು. ತೆರೆದು ನೋಡಿದವರಿಗೆ ಒಳಗೆ ಕಂಪ್ರೆಷನ್ನೇ ಕಾಣಲಿಲ್ಲ, ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕ್ರಮ ಕೈಗೊಳ್ಳಬೇಕಾಯಿತು. ‘ರ‍್ಯಾಮ್ ದುಪ್ಪಟ್ಟು’ ಎಂದು ಯಾರು ಹೇಳಿದರೂ ನಾನು ಜೇಬು ಮುಟ್ಟಿ ನೋಡಿಕೊಳ್ಳುವುದು ಅದಕ್ಕೇ.

ಸೋರ್ಸ್ ಕೋಡ್ ಹೇಗೆ ಓದುವುದು? ಕರ್ನೆಲಿನ ಮೆಮೊರಿ ಕೋಡ್ ಇರುವ ‘ಎಂಎಂ’ ಡೈರೆಕ್ಟರಿಯನ್ನು ಮೊದಲ ಫೈಲಿನಿಂದ ಕೊನೆಯ ಫೈಲಿನವರೆಗೆ ಓದಲು ಹೊರಟವರು ಯಾರೂ ದಡ ಸೇರಿದ್ದನ್ನು ನಾನು ಕಂಡಿಲ್ಲ. ಒಂದೇ ಒಂದು ಅನಾನಿಮಸ್ ಪೇಜನ್ನು ಹಿಂಬಾಲಿಸಿ. ಹುಟ್ಟು: ಮ್ಯಾಲಾಕ್ ಮಾಡಿದಾಗ ಪೇಜ್ ಹುಟ್ಟುವುದಿಲ್ಲ, ಅದರಲ್ಲಿ ಮೊದಲ ಬಾರಿ ಬರೆದಾಗ ಫಾಲ್ಟ್ ಆಗಿ ಹುಟ್ಟುತ್ತದೆ. ಇದನ್ನು ನಂಬಬೇಡಿ, 1 ಜಿಬಿ ಕೇಳಿ ಸುಮ್ಮನೆ ಕೂರುವ ಹತ್ತು ಸಾಲಿನ ಪ್ರೋಗ್ರಾಂ ಬರೆದು ಮೆಮೊರಿ ಬಳಕೆ ತೋರಿಸುವ ಟಾಪ್ ಕಮಾಂಡ್‌ನಲ್ಲಿ ನೋಡಿ. ಬಾಳು: ಎಲ್‌ಆರ್‌ಯು ಪಟ್ಟಿಗಳಲ್ಲಿ, ಅಂದರೆ ಯಾವ ಪೇಜ್ ಬಳಸಿ ಎಷ್ಟು ಹೊತ್ತಾಯಿತು ಎಂಬ ಪಟ್ಟಿಗಳಲ್ಲಿ, ಓಡಾಟ. ಇದು ಈಗ ಎರಡು ಬಗೆ, ಹಳೆಯ ಆಕ್ಟಿವ್-ಇನ್‌ಆಕ್ಟಿವ್ ಪಟ್ಟಿಗಳು ಮತ್ತು ಕರ್ನೆಲಿನ 6.1 ಆವೃತ್ತಿಯಲ್ಲಿ ಬಂದ ಮಲ್ಟಿ-ಜನರೇಷನ್ ಎಲ್‌ಆರ್‌ಯು. ಹಳೆಯದನ್ನು ಮೊದಲು ಕಲಿಯಿರಿ.

ಹೊರಡುವ ಹೊತ್ತು: ಖಾಲಿ ಮೆಮೊರಿ ‘ಲೋ’ ಗುರುತಿಗಿಂತ ಕೆಳಗಿಳಿದರೆ ಜಾಗ ಖಾಲಿ ಮಾಡುವ ಕರ್ನೆಲಿನ ಕೆಲಸಗಾರ ಕೆಸ್ವಾಪ್‌ಡಿ ಎದ್ದು ‘ಹೈ’ ಮುಟ್ಟುವವರೆಗೆ ಹಿನ್ನೆಲೆಯಲ್ಲಿ ಕೆಲಸ ಮಾಡುತ್ತದೆ. ಅದಕ್ಕೂ ಕೈಮೀರಿ ‘ಮಿನ್’ ಗುರುತಿಗಿಂತ ಕೆಳಗೆ ಹೋದರೆ, ಮೆಮೊರಿ ಕೇಳಿದ ಪ್ರೋಗ್ರಾಮೇ ನಿಂತು ಜಾಗ ಮಾಡಿಕೊಳ್ಳಬೇಕು. ನಿಮ್ಮ ಮೌಸ್ ನಿಂತದ್ದು ಅಲ್ಲಿ. ವಿಎಂಸ್ಕ್ಯಾನ್ ಫೈಲಿನಲ್ಲಿ ‘ಶ್ರಿಂಕ್ ಫೋಲಿಯೊ ಲಿಸ್ಟ್’ ಎಂಬ ದೊಡ್ಡ ಫಂಕ್ಷನ್ ಇದೆ. ಪೇಜಿನ ಹಣೆಬರಹ ನಿರ್ಧಾರವಾಗುವುದು ಅದರೊಳಗೆ. ಹಳೆಯ ಪುಸ್ತಕಗಳಲ್ಲಿ ‘ಫೋಲಿಯೊ’ ಎಂಬ ಪದ ಸಿಗದಿದ್ದರೆ ಗಾಬರಿಯಾಗಬೇಡಿ. ಒಂದು ಅಥವಾ ಅಕ್ಕಪಕ್ಕದ ಹಲವು ಪೇಜುಗಳನ್ನು ಒಂದೇ ಘಟಕವಾಗಿ ಹಿಡಿಯುವ ಈ ಹೆಸರು 2022ರ 5.16 ಆವೃತ್ತಿಯಿಂದ ಶುರುವಾದದ್ದು. ಸದ್ಯಕ್ಕೆ ಪೇಜ್ ಎಂದೇ ಓದಿಕೊಳ್ಳಿ.

ಅಲ್ಲಿಂದ ಪೇಜಿಗೆ ಒಂದು ಸ್ವಾಪ್ ಸ್ಲಾಟ್ ಸಿಗುತ್ತದೆ. ಪ್ರೋಗ್ರಾಮಿನ ಪೇಜ್ ಟೇಬಲ್‌ನಲ್ಲಿ, ಅಂದರೆ ಯಾವ ಪೇಜ್ ಎಲ್ಲಿದೆ ಎಂಬ ಕೋಷ್ಟಕದಲ್ಲಿ, ‘ಪ್ರೆಸೆಂಟ್’ ಎಂಬ ಬಿಟ್ ಅಳಿಸಿ, ಆ ನಮೂದಿನ ಉಳಿದ ಬಿಟ್‌ಗಳಲ್ಲಿ ಬಾಡಿಗೆ ಮನೆಯ ವಿಳಾಸ ಬರೆಯುತ್ತಾರೆ: ಯಾವ ಸ್ವಾಪ್, ಎಷ್ಟನೇ ಸ್ಲಾಟ್. ಇದು ಬಹಳ ಚಂದದ ಜಾಗ. ಪೇಜ್ ಟೇಬಲ್‌ಗೆ ಗೊತ್ತಿರುವುದು ವಿಳಾಸ ಮಾತ್ರ. ಪೇಜ್ ನಿಜಕ್ಕೂ ಆ ಮನೆಗೆ ಹೋಯಿತೋ ಇಲ್ಲವೋ ಅದಕ್ಕೆ ಬೇಕಿಲ್ಲ. ಝಡ್‌ಸ್ವಾಪ್ ಕೂತಿರುವುದು ಈ ಸಂದಿಯಲ್ಲೇ. ಪೇಜ್ ಡಿಸ್ಕಿಗೆ ಹೊರಡುವ ದಾರಿಯಲ್ಲಿ ‘ಝಡ್‌ಸ್ವಾಪ್ ಸ್ಟೋರ್’ ಅದನ್ನು ತಡೆದು, ಕಂಪ್ರೆಸ್ ಮಾಡಿ, ಅದೇ ವಿಳಾಸದ ಹೆಸರಲ್ಲಿ ರ‍್ಯಾಮ್‌ನಲ್ಲೇ ಇಟ್ಟುಕೊಳ್ಳುತ್ತದೆ. ವಾಪಸು ಬೇಕಾದಾಗ ಮೆಮೊರಿ ಫೈಲಿನ ‘ಡು ಸ್ವಾಪ್ ಪೇಜ್’ನಿಂದ ಹೊರಟರೆ ‘ಝಡ್‌ಸ್ವಾಪ್ ಲೋಡ್’ ಸಿಗುತ್ತದೆ. ಝಡ್‌ಸ್ವಾಪ್‌ನ ಇಡೀ ಫೈಲು ಎರಡು ಸಾವಿರ ಸಾಲಿನೊಳಗೆ ಮುಗಿಯುತ್ತದೆ. ಕರ್ನೆಲ್ ಕಲಿಯುವವರಿಗೆ ಇಷ್ಟು ಸಣ್ಣ, ಇಷ್ಟು ಪೂರ್ಣವಾದ ಫೈಲು ಬೇರೆ ಸಿಗುವುದು ಕಷ್ಟ.

ಝಡ್‌ರ‍್ಯಾಮ್ ಬೇರೆ. ಅದು ಡಿಸ್ಕಿನ ವೇಷ ಹಾಕಿದ ರ‍್ಯಾಮ್. ಕರ್ನೆಲ್‌ಗೆ ಅದೊಂದು ಬ್ಲಾಕ್ ಡಿವೈಸ್, ನೀವು ಅದನ್ನೇ ಸ್ವಾಪ್ ಎಂದು ಹಚ್ಚುತ್ತೀರಿ. ಹಿಂದೆ ಡಿಸ್ಕ್ ಇರಲೇಬೇಕೆಂದಿಲ್ಲ. ನಿತಿನ್ ಗುಪ್ತಾ ಅವರ ಕಾಂಪ್‌ಕ್ಯಾಶ್ ಯೋಜನೆಯಿಂದ ಬೆಳೆದು, ವರ್ಷಗಟ್ಟಲೆ ಸ್ಟೇಜಿಂಗ್‌ನಲ್ಲಿ, ಅಂದರೆ ಇನ್ನೂ ಪಕ್ವವಾಗದ ಕೋಡಿನ ಹೊರಜಗುಲಿಯಲ್ಲಿ, ಕಾದು, 2014ರಲ್ಲಿ 3.14ಕ್ಕೆ ಕರ್ನೆಲಿನ ಒಳಮನೆ ಸೇರಿತು. ಝಡ್‌ಸ್ವಾಪ್ ಅದಕ್ಕೂ ಮೊದಲೇ, 2013ರಲ್ಲಿ 3.11ಕ್ಕೆ ಬಂದಿತ್ತು. ಆಂಡ್ರಾಯ್ಡ್ ಫೋನುಗಳು, ಕ್ರೋಮ್‌ಬುಕ್‌ಗಳು ಬಳಸುವುದು ಝಡ್‌ರ‍್ಯಾಮ್. ಫೆಡೋರಾ 2020ರ 33ನೇ ಆವೃತ್ತಿಯಿಂದ ಅದನ್ನು ತಾನಾಗಿಯೇ ಹಚ್ಚುತ್ತದೆ. ಝಡ್‌ಸ್ವಾಪ್‌ಗೆ ಹಿಂದೆ ನಿಜವಾದ ಸ್ವಾಪ್ ಇರಬೇಕು. ತನ್ನ ಪಾಲು, ತಾನಾಗಿ ಬರುವ ಲೆಕ್ಕದಲ್ಲಿ ರ‍್ಯಾಮಿನ ಶೇ 20, ತುಂಬಿದರೆ ಅತಿ ಹಳೆಯದನ್ನು ಹುಡುಕಿ ಡಿಸ್ಕಿಗೆ ತಳ್ಳುತ್ತದೆ.

ಈ ಕೊನೆಯ ವಾಕ್ಯದ ಬೆಲೆ ನನಗೆ ಗೊತ್ತಾದದ್ದು ಪೆಟ್ಟು ತಿಂದ ಮೇಲೆ. ಒಮ್ಮೆ ನನ್ನದೇ ಹಳೇ ಯಂತ್ರದಲ್ಲಿ ಝಡ್‌ರ‍್ಯಾಮನ್ನು ಹೆಚ್ಚಿನ ಆದ್ಯತೆಗೂ ಡಿಸ್ಕಿನ ಸ್ವಾಪನ್ನು ಕಡಿಮೆ ಆದ್ಯತೆಗೂ ಇಟ್ಟು, ಎರಡು ಹಂತದ ಭರ್ಜರಿ ವ್ಯವಸ್ಥೆ ಮಾಡಿದೆ ಎಂದು ಬೀಗಿದ್ದೆ. ಬೆಳಿಗ್ಗೆ ಎಲ್ಲ ಚೆನ್ನಾಗಿತ್ತು. ಮಧ್ಯಾಹ್ನದ ಹೊತ್ತಿಗೆ ತೆವಳತೊಡಗಿತು. ಆದದ್ದು ಇಷ್ಟೆ: ಮೊದಲು ಹೊರಬಿದ್ದ ಪೇಜುಗಳು ಅತ್ಯಂತ ತಣ್ಣಗಿನವು, ಯಾರಿಗೂ ಬೇಡವಾದವು. ಅವು ಹೋಗಿ ಝಡ್‌ರ‍್ಯಾಮ್ ತುಂಬಿ ಕೂತವು. ಆಮೇಲೆ ಹೊರಬಿದ್ದ ಬಿಸಿ ಪೇಜುಗಳಿಗೆ ಡಿಸ್ಕೇ ಗತಿ. ಮನೆಯಲ್ಲಿ ಬಳಸದ ಪಾತ್ರೆಗಳನ್ನು ಅಡುಗೆಮನೆ ಕಟ್ಟೆಯ ಮೇಲೆ ಜೋಡಿಸಿ, ದಿನದ ತಟ್ಟೆಗಳನ್ನು ಅಟ್ಟಕ್ಕೆ ಹಾಕಿದಂತೆ. ಝಡ್‌ರ‍್ಯಾಮ್‌ಗೆ ಒಳಗಿನದನ್ನು ವಯಸ್ಸಿನ ಪ್ರಕಾರ ತಾನಾಗಿ ಹೊರಹಾಕುವ ಅಭ್ಯಾಸವಿಲ್ಲ. ಒಳಗಿನದನ್ನು ಹೊರಗೆ ಬರೆದು ಕಳಿಸಲು (ರೈಟ್‌ಬ್ಯಾಕ್) ಬೇರೆ ಡಿವೈಸ್ ಕೊಡುವ ಸೌಲಭ್ಯವೇನೋ ಇದೆ, ಆದರೆ ಯಾವಾಗ, ಏನನ್ನು ಎಂದು ನೀವೇ ಹೇಳಬೇಕು.

ಕಂಪ್ರೆಸ್ ಆದ ತುಂಡುಗಳನ್ನು ಇಡುವುದೆಲ್ಲಿ ಎಂಬುದನ್ನು ಹುಡುಗರು ಹಾರಿಸಿ ಹೋಗುತ್ತಾರೆ. ಅಲ್ಲೇ ಸ್ವಾರಸ್ಯ ಇರುವುದು. ಪೇಜೊಂದು 2,200 ಬೈಟಿಗೆ ಇಳಿಯಿತು ಎನ್ನಿ. ಅದನ್ನು 4,096ರ ಒಂದು ಪೇಜಿನಲ್ಲಿ ಇಟ್ಟರೆ ಇನ್ನೊಂದಕ್ಕೆ ಜಾಗವಿಲ್ಲ, 1,896 ಬೈಟ್ ವ್ಯರ್ಥ. ಕಂಪ್ರೆಸ್ ಮಾಡಿಯೂ ಒಂದು ಪೇಜಿಗೆ ಒಂದೇ ಪೇಜು, ಉಳಿತಾಯ ಸೊನ್ನೆ! ಇಂಥ ತುಂಡುಗಳಿಗೆ ಜಾಗ ಹಂಚುವ ಝಡ್‌ಎಸ್‌ಮ್ಯಾಲಾಕ್ ಇದಕ್ಕೆ ಮಾಡಿದ ಉಪಾಯ: 16 ಬೈಟ್ ಅಂತರದ ಅಳತೆಗಳಿಗೆ ಪೂರ್ಣಗೊಳಿಸುವುದು, ಇಲ್ಲಿ 2,208. ನಾಲ್ಕು ಬಿಡಿ ಪೇಜುಗಳನ್ನು ಸರಪಳಿಯಂತೆ ಜೋಡಿಸಿ 16,384 ಬೈಟಿನ ಒಂದೇ ಹಾಸು ಮಾಡಿಕೊಂಡರೆ ಅದರಲ್ಲಿ ಇಂಥ ಏಳು ಕೂರುತ್ತವೆ, ಉಳಿಯುವುದು 928 ಬೈಟ್ ಮಾತ್ರ. ಒಂದು ತುಂಡು ಎರಡು ಪೇಜುಗಳ ಗಡಿ ದಾಟಿ ಮಲಗಿದರೂ ಚಿಂತೆಯಿಲ್ಲ. ನಾಲ್ಕು ಪೇಜಿನಲ್ಲಿ ನಾಲ್ಕರ ಬದಲು ಏಳು. ಮತ್ತೊಂದು ಮಾತು: ಈ ಹಾಸಿಗೂ ಮೆಮೊರಿ ಬೇಕು, ಅದೂ ಮೆಮೊರಿ ಮುಗಿದಿರುವ ಹೊತ್ತಿನಲ್ಲಿ. ಕರ್ನೆಲ್ ‘ಮಿನ್’ ಗುರುತಿನ ಕೆಳಗೆ ಆಪತ್ಕಾಲದ ಗಂಟು ಇಟ್ಟುಕೊಂಡಿರುವುದು ಇಂಥ ಸಮಯಕ್ಕೇ.

ಈಗ ನಿಮ್ಮ ಶೀರ್ಷಿಕೆ. ಪೇಜ್ ಕ್ಯಾಶನ್ನೇ, ಅಂದರೆ ಫೈಲ್ ಪೇಜುಗಳನ್ನೇ ಕಂಪ್ರೆಸ್ ಮಾಡುವ ಪ್ರಯತ್ನ ಲಿನಕ್ಸ್‌ನಲ್ಲಿ ನಡೆದಿದೆ. 2011ರಲ್ಲಿ 3.0ಗೆ ಬಂದ ಕ್ಲೀನ್‌ಕ್ಯಾಶ್ ಎಂಬ ಕೊಂಡಿಯ ಮೇಲೆ ಡ್ಯಾನ್ ಮೆಗನ್‌ಹೈಮರ್ ಮುಂತಾದವರು ಝಡ್‌ಕ್ಯಾಶ್ ಕಟ್ಟಿದ್ದರು. ಅದು ಸ್ಟೇಜಿಂಗ್ ದಾಟಲೇ ಇಲ್ಲ, ಕ್ಲೀನ್‌ಕ್ಯಾಶ್ ಕೂಡ 2022ರ 5.17ರಲ್ಲಿ ಹೊರಬಿತ್ತು. ನನಗೆ ಕಾಣುವ ಕಾರಣ ಸರಳ. ಫೈಲ್ ಪೇಜಿಗೆ ಊರಿದೆ. ಎಸೆದದ್ದು ಮತ್ತೆ ಬೇಕಾಗುತ್ತದೋ ಇಲ್ಲವೋ ತಿಳಿಯದೆ ಪ್ರತಿಯೊಂದಕ್ಕೂ ಸಿಪಿಯು ಖರ್ಚು ಮಾಡಿ ಸುತ್ತಿಡಬೇಕು. ಅದರಲ್ಲಿ ಫೋಟೊ, ವಿಡಿಯೊ ಇದ್ದರೆ ಅವು ಮೊದಲೇ ಕುಗ್ಗಿದವು. ಮೂಲ ಫೈಲ್ ಬದಲಾದಾಗ ಸುತ್ತಿಟ್ಟ ಪ್ರತಿಯನ್ನು ಅಳಿಸಲು ಫೈಲ್ ಸಿಸ್ಟಂಗಳಲ್ಲೆಲ್ಲ ಕೊಂಡಿ ಹಾಕಬೇಕು. ಬಿಟಿಆರ್‌ಎಫ್‌ಎಸ್‌ನಂಥ ಫೈಲ್ ಸಿಸ್ಟಂಗಳು ಕಂಪ್ರೆಸ್ ಮಾಡುತ್ತವಲ್ಲ ಎಂದರೆ ಅದು ಡಿಸ್ಕಿನ ಮೇಲೆ, ಪೇಜ್ ಕ್ಯಾಶ್‌ಗೆ ಬರುವಾಗ ಬಿಚ್ಚಿಯೇ ಬರುತ್ತದೆ.

ಆದರೆ ನೀವು ನಿಜವಾಗಿ ಹುಡುಕುತ್ತಿರುವುದು ಇದರ ಮಗ್ಗುಲಲ್ಲೇ ಇದೆ. ಅನಾನಿಮಸ್ ಪೇಜುಗಳನ್ನು ಸುತ್ತಿಟ್ಟರೆ ಯಾರಿಗೆ ಜಾಗವಾಗುತ್ತದೆ? ಪೇಜ್ ಕ್ಯಾಶ್‌ಗೆ. ನಿಮ್ಮ ಮೌಸ್ ಬಾಣದ ಕೋಡಿಗೆ. ಹಾಗಾಗಿ ಪ್ರಾಜೆಕ್ಟನ್ನು ‘ಅನಾನಿಮಸ್ ಪೇಜ್ ಕಂಪ್ರೆಷನ್‌ನಿಂದ ಪೇಜ್ ಕ್ಯಾಶ್ ಎಷ್ಟು ಉಳಿಯುತ್ತದೆ’ ಎಂದು ತಿರುಗಿಸಿ. ಅಳೆಯಲು ಸಾಧನವೂ ಇದೆ. ಎಸೆದ ಪೇಜ್ ಬೇಗನೇ ಮರಳಿ ಬಂದರೆ ಕರ್ನೆಲ್ ಅದನ್ನು ಗುರುತಿಟ್ಟುಕೊಳ್ಳುತ್ತದೆ. ಪ್ರಾಕ್ ಡೈರೆಕ್ಟರಿಯ ವಿಎಂಸ್ಟ್ಯಾಟ್ ಫೈಲಿನಲ್ಲಿ ‘ವರ್ಕಿಂಗ್‌ಸೆಟ್ ರೀಫಾಲ್ಟ್’ ಎಂಬ ಎಣಿಕೆ ಫೈಲಿಗೊಂದು, ಅನಾನಿಮಸ್‌ಗೊಂದು ಇದೆ. ಸ್ವಾಪ್ ಇಲ್ಲದೆ, ಡಿಸ್ಕ್ ಸ್ವಾಪ್‌ನೊಡನೆ, ಝಡ್‌ಸ್ವಾಪ್‌ನೊಡನೆ, ಹೀಗೆ ಮೂರು ಸಲ ಒಂದೇ ಕೆಲಸ ಓಡಿಸಿ, ಫೈಲಿನ ರೀಫಾಲ್ಟ್ ಹೇಗೆ ಬದಲಾಗುತ್ತದೆ ನೋಡಿ. ಜೊತೆಗೆ ಪ್ರೆಷರ್ ಡೈರೆಕ್ಟರಿಯ ಮೆಮೊರಿ ಫೈಲು: ಮೆಮೊರಿಗಾಗಿ ಪ್ರೋಗ್ರಾಂಗಳು ಎಷ್ಟು ಹೊತ್ತು ಸುಮ್ಮನೆ ನಿಂತವು ಎಂಬ ಶೇಕಡಾ ಲೆಕ್ಕ ಅಲ್ಲಿದೆ. ಒಂದು ಎಚ್ಚರ: ಝಡ್‌ರ‍್ಯಾಮ್‌ನಿಂದ ಓದಿದ್ದೂ ಮಾಮೂಲು ಸ್ವಾಪ್-ಇನ್ ಎಣಿಕೆಗೆ ಸೇರುತ್ತದೆ, ಝಡ್‌ಸ್ವಾಪ್‌ನಿಂದ ಬಂದದ್ದು ‘ಝಡ್‌ಎಸ್‌ಡಬ್ಲ್ಯುಪಿಇನ್’ ಎಂಬ ಬೇರೆ ಖಾತೆಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಎರಡನ್ನೂ ಹೋಲಿಸಿದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ.

ಎಲ್ಲವನ್ನೂ ವರ್ಚುವಲ್ ಯಂತ್ರದಲ್ಲಿ ಮಾಡಿ. ಕೆಮು ಎಂಬ ವರ್ಚುವಲ್ ಯಂತ್ರದ ತಂತ್ರಾಂಶದಲ್ಲಿ 1 ಜಿಬಿ ರ‍್ಯಾಮ್ ಕೊಟ್ಟು, 2 ಜಿಬಿಯ ಝಡ್‌ರ‍್ಯಾಮ್ ಹಚ್ಚಿ. ಆ 2 ಜಿಬಿ ಎಂಬುದು ಸುತ್ತುವ ಮುಂಚಿನ ಅಳತೆ, ಅಷ್ಟು ರ‍್ಯಾಮ್ ಅದು ತಿನ್ನುವುದಿಲ್ಲ. ಒಂದೂವರೆ ಜಿಬಿ ತುಂಬುವ ಪ್ರೋಗ್ರಾಂ ಬರೆಯಿರಿ. ಮೊದಲು ಸೊನ್ನೆಗಳಿಂದ ತುಂಬಿಸಿ: ಇಡೀ ಪೇಜಿನಲ್ಲಿ ಒಂದೇ ಮೌಲ್ಯವಿದ್ದರೆ ಝಡ್‌ರ‍್ಯಾಮ್ ಆ ಮೌಲ್ಯ ಮಾತ್ರ ಬರೆದುಕೊಳ್ಳುವುದರಿಂದ ಹೆಚ್ಚೇನೂ ಖರ್ಚಾಗದು. ನಂತರ ಒಂದೇ ಕನ್ನಡ ವಾಕ್ಯವನ್ನು ಮತ್ತೆ ಮತ್ತೆ ತುಂಬಿಸಿ: ಅದ್ಭುತ ಅಂಕಿ ಬರುತ್ತದೆ, ಅದನ್ನು ರಿಪೋರ್ಟಿನಲ್ಲಿ ಹಾಕಬೇಡಿ, ನಿಜ ಜೀವನದಲ್ಲಿ ಯಾವ ಪ್ರೋಗ್ರಾಮೂ ಹಾಗಿರುವುದಿಲ್ಲ. ಕೊನೆಗೆ ಯಾದೃಚ್ಛಿಕ ಬೈಟ್‌ಗಳಿಂದ ತುಂಬಿಸಿ. ಕುಗ್ಗದ ಪೇಜನ್ನು ಝಡ್‌ರ‍್ಯಾಮ್ ಇಡಿಯಾಗಿಯೇ ಇಟ್ಟುಕೊಳ್ಳುತ್ತದೆ, ರ‍್ಯಾಮಿನಿಂದ ತೆಗೆದು ರ‍್ಯಾಮಿಗೇ ಹಾಕಿದಂತೆ, ಸ್ವಲ್ಪ ಹೊತ್ತಿಗೆ ಓಓಎಂ ಕಿಲ್ಲರ್ ಬರುತ್ತದೆ. ಪ್ರತಿ ಸಲವೂ ಝಡ್‌ರ‍್ಯಾಮ್‌ನ ಎಂಎಂಸ್ಟ್ಯಾಟ್ ಫೈಲಿನ ಮೊದಲ ಮೂರು ಅಂಕಣ ಬರೆದಿಟ್ಟುಕೊಳ್ಳಿ: ಮೂಲ ಗಾತ್ರ, ಕುಗ್ಗಿದ ಗಾತ್ರ, ನಿಜವಾಗಿ ಹಿಡಿದ ಮೆಮೊರಿ. ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರವೇ ಮೇಲೆ ಹೇಳಿದ ಹಾಸಿನ ವ್ಯರ್ಥ ಮತ್ತು ಮೇಲ್ಖರ್ಚು.

ನಿಮ್ಮ ಲ್ಯಾಪ್‌ಟಾಪ್‌ಗೆ: ಕೆಡವಿದ ಸ್ವಾಪನ್ನು ಮತ್ತೆ ಹಾಕಿ, 4 ಜಿಬಿಯಷ್ಟು ಸಾಕು. ಬೂಟ್ ಮಾಡುವಾಗ ಝಡ್‌ಸ್ವಾಪ್ ಎನೇಬಲ್ ಮಾಡಿ, ಝಡ್‌ರ‍್ಯಾಮ್ ಬೇಡ, ಎರಡನ್ನೂ ಒಟ್ಟಿಗಂತೂ ಬೇಡವೇ ಬೇಡ. ತಿರುಗುವ ಡಿಸ್ಕ್ ಇರುವವರಿಗೆ ಹಳೆಯದನ್ನು ತಾನಾಗಿ ಡಿಸ್ಕಿಗೆ ತಳ್ಳುವ ವ್ಯವಸ್ಥೆಯೇ ವಾಸಿ. ಕಂಪ್ರೆಸರ್ ಆಗಿ ಮೊದಲು ಎಲ್‌ಝಡ್4 ಇಟ್ಟು ಒಂದು ವಾರ, ಆಮೇಲೆ ಝಡ್‌ಸ್ಟ್ಯಾಂಡರ್ಡ್ ಇಟ್ಟು ಒಂದು ವಾರ ನೋಡಿ. ಸ್ವಾಪಿನೆಸ್, ಅಂದರೆ ಸ್ವಾಪ್ ಕಡೆ ಎಷ್ಟು ವಾಲಬೇಕು ಎಂಬ ಅಂಕಿ, ತಾನಾಗಿ 60 ಇರುತ್ತದೆ, 5.8ರಿಂದ ಅದನ್ನು 200ರವರೆಗೂ ಏರಿಸಬಹುದು. 100 ಎಂದರೆ ಸ್ವಾಪಿಗೂ ಫೈಲಿಗೂ ಒಂದೇ ಖರ್ಚು ಎಂದು ನೀವು ಕರ್ನೆಲ್‌ಗೆ ಹೇಳಿದಂತೆ. ಸ್ವಾಪ್ ಫೈಲಿಗಿಂತ ಎರಡು ಪಟ್ಟು ವೇಗ ಎನಿಸಿದರೆ 133. ನೀವು 100ರಿಂದ ಶುರು ಮಾಡಿ, ಹತ್ತು ಟ್ಯಾಬ್ ತೆರೆದು, ರೀಫಾಲ್ಟ್ ಅಂಕಿಗಳನ್ನು ನನಗೆ ಕಳಿಸಿ.